ಬೆನ್ನಿನ ಹೊಲಿಗೆ

ಗೊತ್ತಿರಲಿಲ್ಲ ಎಂದೇ ಅಂದುಕೊಳ್ಳಬಹುದಲ್ಲ, ಅಂದುಕೊಂಡರೆ ಯಾರಿಗೇನು ನಷ್ಟ, ಮೂರು ವಾರದ ಹಿಂದಿನ ಒಂದು ಬೆಳಿಗ್ಗೆ ಕೈಗೆಷ್ಟು ಗೊತ್ತಿತ್ತು ತಲೆಗೆಷ್ಟು ಗೊತ್ತಿತ್ತು ಎಂದು ಈಗ ಯಾರು ಕೂತು ಅಳೆಯುತ್ತಾರೆ — ಕಿಟಕಿಯ ಮರದ ಸರಳುಗಳ ನಡುವಿನಿಂದ ಬಿದ್ದ ಬಿಸಿಲು ಕಪ್ಪು ರೇಷ್ಮೆಯ ಮೇಲೆ ಪಟ್ಟೆಪಟ್ಟೆಯಾಗಿ ಕೂತಿದೆ, ಕುನಿಹಿಕೊ ಸೂಜಿಯನ್ನು ಒಂದು ಪಟ್ಟೆಯಿಂದ ಇನ್ನೊಂದಕ್ಕೆ ದಾಟಿಸುತ್ತಾನೆ, ದಿಂಬಿನ ಬಾಯಿ ಇನ್ನು ನಾಲ್ಕು ಬೆರಳಷ್ಟು ತೆರೆದಿದೆ, ಮುಚ್ಚಿದರೆ ಮುಗಿಯಿತು, ಎರಡು ಕುರ್ಚಿದಿಂಬು, ಒಂದು ಉದ್ದನೆಯ ಮೇಜುಪಟ್ಟಿ, ಕೇಳಿದ ಹಾಗೆಯೇ, ಅಳತೆಯಲ್ಲಿ ಕೂದಲೆಳೆಯ ತಪ್ಪಿಲ್ಲ. ತಪ್ಪಿರುವುದು ಬಟ್ಟೆಯಲ್ಲಿ. ಗಿರಾಕಿ ಹಿಸನೊ-ಸಾನ್ ಎರಡು ಕಪ್ಪು ಕಿಮೊನೊ ತಂದಿದ್ದರು, ಸಾವಿನ ಮನೆಗೆ ಉಡುವಂಥವು, ಒಂದನ್ನು ಕತ್ತರಿಸಿ ಇವನ್ನು ಮಾಡಬೇಕಿತ್ತು, ಇನ್ನೊಂದನ್ನು ಹಸನು ಮಾಡಿ ಮಗಳಿಗೆಂದು ಎತ್ತಿಡಬೇಕಿತ್ತು, ಅವನು ಎತ್ತಿಡಬೇಕಾದ್ದನ್ನು ಕತ್ತರಿಸಿದ್ದಾನೆ, ಕತ್ತರಿಸಬೇಕಾದ್ದು ಒಳಕೋಣೆಯ ಕಪಾಟಿನಲ್ಲಿ ಕಾಗದ ಹೊದ್ದು ಮಲಗಿದೆ, ಇವತ್ತು ಊಟದ ಹೊತ್ತು ಕಳೆದ ಮೇಲೆ ಅವರು ಬರುತ್ತಾರೆ, ಬಂದು ಎರಡನ್ನೂ ಕೇಳುತ್ತಾರೆ. ಏನು ಹೇಳುವುದು. ಹೇಳುವುದು ಯಾರು. ಮೊನ್ನೆ ಆಸ್ಪತ್ರೆಯಿಂದ ಬಂದ ಇಕುಯೊ — ಹೊಸ ಮಂಡಿ, ಹೊಸ ಕೋಲು — ನಿನ್ನೆ ಸಂಜೆ ಆ ಕಾಗದ ಬಿಚ್ಚಿದಳು, ತಾನಿಲ್ಲದಾಗ ಗಂಡ ಹೇಗೆ ಮಡಚಿಟ್ಟಿದ್ದಾನೆ ನೋಡೋಣ ಎಂದಷ್ಟೇ, ಮತ್ತೆ ಕಾಗದ ಮುಚ್ಚಿದ ಸರಸರ ಕೇಳಿಸಿತು, ಕೋಲಿನ ಸದ್ದು ಈ ಕೋಣೆಯ ಬಾಗಿಲವರೆಗೆ ಬಂದು ನಿಂತಿತು, ರೀ, ಮೂರು ಗೆರೆ ಗುರುತಿಂದು ಯಾಕೆ ಒಳಗಿದೆ ಅಂದಳು. ಅವನ ಮುಂದೆ ತುಂಡುಗಳು. ಅವಳು ತುಂಡುಗಳನ್ನು ನೋಡಿದಳು, ಅವನನ್ನು ನೋಡಲಿಲ್ಲ, ಕೋಲಿನ ಸದ್ದು ಅಡಿಗೆಮನೆಗೆ ತಿರುಗಿತು, ಸ್ವಲ್ಪ ಹೊತ್ತಿಗೆ ಮೂಲಂಗಿ ಹೆಚ್ಚುವ ಸದ್ದು, ಒಂದೇ ಸಮನೆ, ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ಅವಳು ಇಷ್ಟು ತೆಳ್ಳಗೆ ಮೂಲಂಗಿ ಹೆಚ್ಚಿದ್ದನ್ನು ಅವನು ತಿಂದಿರಲಿಲ್ಲ.

ಕಿಮೊನೊಗಳನ್ನು ತಂದ ದಿನ ಹಿಸನೊ-ಸಾನ್ ಬಾಗಿಲು ಸರಿಸಿದಾಗ ಮೊದಲು ಒಳಗೆ ಬಂದದ್ದು ಬೀದಿಕೊನೆಯ ಮರದ ಕಿತ್ತಳೆ ಬಣ್ಣದ ಹೂವಿನ ವಾಸನೆ, ಆಮೇಲೆ ಗಂಟು, ಆಮೇಲೆ ಅವರು, ಎಂಬತ್ತನಾಲ್ಕರ ಬೆನ್ನು ನೆಟ್ಟಗೆ. ಇಕುಯೊ-ಸಾನ್ ಇನ್ನೂ ಬಂದಿಲ್ವಾ ಅಂದರು, ಇಲ್ಲ, ಇನ್ನೂ ಎರಡು ಮೂರು ವಾರ ಇಟ್ಕೋತಾರಂತೆ, ಊಟ ಹೇಗಂತೆ, ಉಪ್ಪೇ ಇಲ್ಲ ಅಂತಾಳೆ, ಒಳ್ಳೇದಾಯ್ತು ಬಿಡಿ, ಪೂರ್ವದ ಕಡೆ ಗಂಡನಿಗೆ ಉಪ್ಪುಪ್ಪು ಕಪ್ಪು ಸಾರು ಮಾಡಿ ಮಾಡಿ ಅವಳ ನಾಲಿಗೇನೂ ಆ ಕಡೇದಾಗಿತ್ತು, ಅಂದಹಾಗೆ ನೀವು ಕ್ಯೋಟೋಗೆ ಬಂದು ಎಷ್ಟು ವರ್ಷ ಆಯ್ತು ಕುನಿಹಿಕೊ-ಸಾನ್, ಮೂವತ್ತಾ — ಮೂವತ್ನಾಲ್ಕು — ಓ, ಹಾಗಿದ್ರೆ ಈಗೀಗ ಬಂದ್ರಿ ಅನ್ನಿ. ನಗದೇ ಹೇಳಿದರು, ಅವನು ನಕ್ಕ, ಇಲ್ಲಿ ನಗಬೇಕಾದವರು ಹೇಳಿಸಿಕೊಂಡವರು. ಗಂಟು ಬಿಚ್ಚಿದರು. ಎರಡು ಕಪ್ಪು. ನನ್ನ ಮಂಡೀನೂ ಹೋಯ್ತು, ಇನ್ನು ಕುರ್ಚೀನೇ ಗತಿ, ಕುರ್ಚಿ ಮೇಲೆ ಕೂತು ಬುದ್ಧನಿಗೆ ಕೈ ಮುಗಿಯೋದು, ನಮ್ಮತ್ತೆ ಕಂಡಿದ್ರೆ ಪಟದಿಂದ ಇಳಿದು ಬಂದು ಬೈಯೋರು, ಎರಡು ದಿಂಬು ಮಾಡ್ಕೊಡಿ, ದೇವರಪೆಟ್ಟಿಗೆ ಮುಂದಿನ ಮೇಜಿಗೆ ಒಂದು ಪಟ್ಟಿ, ಇನ್ನೊಂದು ಕಿಮೊನೊ ಹಸನು ಮಾಡಿ ಇಡಿ, ಶಿಹೊಗೆ, ನಾನು ಹೋದಾಗ ನನ್ನ ಹಿಂದೆ ಅದನ್ನ ಉಟ್ಟು ನಡೆಯೋಳು ಅವಳೊಬ್ಬಳೇ ಮಗಳು. ಅಷ್ಟೇ ಹೇಳಿದ್ದು. ಯಾವುದನ್ನು ಕತ್ತರಿಸಿ, ಯಾವುದನ್ನು ಇಡಿ, ಅದನ್ನು ಹೇಳಲಿಲ್ಲ, ಈ ಊರಿನಲ್ಲಿ ಅದನ್ನು ಹೇಳಬೇಕಾಗಿಲ್ಲ, ಮಳೆ ಮೇಲಿನಿಂದ ಬೀಳುತ್ತದೆ ಎಂದು ಯಾರು ಯಾರಿಗೆ ಹೇಳುತ್ತಾರೆ. ಒಂದರ ಮೇಲೆ ಅವರ ಗಂಡನ ಮನೆತನದ ಗುರುತು, ಬಿಳಿಯ ವೃತ್ತದೊಳಗೆ ಮೂರು ಅಡ್ಡಗೆರೆ. ಇನ್ನೊಂದರ ಮೇಲೆ ಎಲೆ, ಗೋಡೆಗೆ ಹಬ್ಬುವ ಬಳ್ಳಿಯ ಎಲೆ, ಹೆಬ್ಬೆರಳ ಉಗುರಿನಷ್ಟು, ಅದು ಅವರ ತಾಯಿಯದು, ತಾಯಿಯ ತಾಯಿಯದು. ಇಲ್ಲಿನ ಹೆಣ್ಣು ಯಾವ ಮನೆ ಸೇರಿದರೂ ಬೆನ್ನ ಮೇಲೆ ಅಮ್ಮನ ಗುರುತನ್ನೇ ಹೊರುತ್ತಾಳೆ, ಮಗಳಿಗೆ ಅದನ್ನೇ ದಾಟಿಸುತ್ತಾಳೆ, ಗಂಡನ ಮನೆಯವರು ಹೊಲಿಸಿಕೊಟ್ಟದ್ದು ಒಂದಿದ್ದರೆ ಇರಲಿ, ಅದು ಮರ್ಯಾದೆಗೆ. ಅವನು ಹುಟ್ಟಿದ ಕಿರ್ಯೂ ಪೂರ್ವಕ್ಕೆ, ಅಲ್ಲಿ ಹಾಗಲ್ಲ, ಅಲ್ಲಿ ಮದುವೆಯಾದವಳು ಗಂಡನ ಗುರುತು ಉಡುತ್ತಾಳೆ, ಮಗಳು ಅಪ್ಪನದನ್ನು, ಅಲ್ಲಿಯ ಒಬ್ಬ ದರ್ಜಿಯ ಮುಂದೆ ಈ ಎರಡನ್ನು ಇಟ್ಟು ಮಗಳಿಗೊಂದು ಇಡಿ ಅಂದಿದ್ದರೆ ಅವನು ಮೂರು ಗೆರೆಯದನ್ನು ಇಟ್ಟು ಎಲೆಯದನ್ನು ಕತ್ತರಿಸುತ್ತಿದ್ದ, ಮರುಯೋಚನೆ ಇಲ್ಲದೆ, ಅದು ತಪ್ಪು ಎಂದು ಅವನ ಕನಸಿನಲ್ಲೂ ಬರುತ್ತಿರಲಿಲ್ಲ. ಅಲ್ಲಿಯ ಒಬ್ಬ ದರ್ಜಿ. ಆ ದರ್ಜಿ ತಾನು ಎಂದುಕೊಂಡರೆ ಎಷ್ಟು ಹಗುರ.

ಆದರೆ ಬಿಚ್ಚಿದವನು ಆ ದರ್ಜಿಯಲ್ಲ, ಬಿಚ್ಚಿದವನು ಈ ಮನೆಯಲ್ಲಿ ಮೂವತ್ತನಾಲ್ಕು ವರ್ಷ ಬಿಚ್ಚಿದವನು. ಮಾವನ ಕಾಲದಲ್ಲಿ ಬಿಚ್ಚುವುದು ಕೂಡಿಸುವುದಕ್ಕೆ, ದಾರ ಎಳೆದರೆ ಕಿಮೊನೊ ಎಂಟು ಪಟ್ಟಿಯಾಗಿ ಬೀಳುತ್ತದೆ, ಎಂಟೂ ನೇರ, ಎಲ್ಲೂ ಕತ್ತರಿಯ ಓರೆ ಇಲ್ಲ, ಎಂಟನ್ನೂ ಅಂಚಿಗೆ ಅಂಚು ಕೂಡಿಸಿದರೆ ಮಗ್ಗದಿಂದ ಇಳಿದ ದಿನದ ಥಾನು, ಅದನ್ನು ತೊಳೆದು, ಎರಡೂ ತುದಿಗೆ ಸೂಜಿಯಿರುವ ಬಿದಿರ ಕಡ್ಡಿಗಳನ್ನು ಅಡ್ಡ ಚುಚ್ಚಿ ಹಿತ್ತಿಲಲ್ಲಿ ಬಿಗಿದು ಕಟ್ಟಿ, ಗಂಜಿ ಸವರಿ ಒಣಗಿಸಿ ಮತ್ತೆ ಹೊಲಿಯಲು ಕಳಿಸುವುದು, ಅಮ್ಮನದು ಮಗಳ ಅಳತೆಗೆ, ಮಗಳದು ಮೊಮ್ಮಗಳ ಅಳತೆಗೆ, ಬಟ್ಟೆಗೆ ಸಾವಿಲ್ಲ ಅನ್ನುತ್ತಿದ್ದರು ಮಾವ, ದರ್ಜಿಗಷ್ಟೇ. ಈಗ ಕೂಡಿಸುವವರಿಲ್ಲ. ಬಿಚ್ಚುವುದು ಹಾಗೆಯೇ ಉಳಿದಿದೆ, ಬಿಚ್ಚಿ ಕತ್ತರಿಸುವುದು, ಹೋಟೆಲಿನ ಕೋಣೆಗಳಿಗೆ ದಿಂಬು, ದೀಪದ ಮುಸುಕು, ಮಂಚದ ಕಾಲ್ದೆಸೆಗೆ ಹಾಸುವ ಪಟ್ಟಿ, ಚೌಕಟ್ಟು ಹಾಕಿ ಗೋಡೆಗೆ ತೂಗುವ ಕೊಕ್ಕರೆ, ಯಾರದೋ ಮದುವೆಯ ಕೊಕ್ಕರೆಯ ಕುತ್ತಿಗೆ ದಿಂಬಿನ ಮಡಿಕೆಗೆ ಸಿಕ್ಕದ ಹಾಗೆ ಅಳೆದು ಅಳೆದು ಅವನ ಕಣ್ಣು ಹೋಯಿತು, ಹೆಗಲು ಹೋಯಿತು, ಬೇಸರ ಎಂದು ಅದಕ್ಕೆ ಹೆಸರಿಡುವ ಚೈತನ್ಯವೂ ಹೋಗಿದೆ, ಬೆಳಿಗ್ಗೆ ಎದ್ದು ಮೊದಲ ದಾರ ಎಳೆಯುವಾಗ ಕೈ ಅಲ್ಲೇ ಒಂದು ಗಳಿಗೆ ಮಲಗುತ್ತದೆ. ಆ ಬೆಳಿಗ್ಗೆಯೂ ಹಾಗೇ. ಎಲೆಯದನ್ನು ಮೊದಲು ಎತ್ತಿಕೊಂಡ — ಯಾಕೆ ಅದನ್ನು ಮೊದಲು, ಮೇಲಿತ್ತು, ಮೇಲಿದ್ದದ್ದನ್ನು ಎತ್ತಿಕೊಳ್ಳುತ್ತಾರೆ, ಅಥವಾ ತೂಕ, ಹಳೆಯ ನೂಲಿನ ತೂಕ ಅಂಗೈಗೆ ಇಳಿದು ಕೂರುವ ರೀತಿ, ಇಂಥ ರೇಷ್ಮೆಯ ದಿಂಬು ಹತ್ತು ವರ್ಷ ಮುರುಟುವುದಿಲ್ಲ ಎಂದು ಮೊದಲು ಹೊಳೆದದ್ದು ಅದೇ. ತೋಳು ಬಿಚ್ಚಿದ. ಹೊಲಿಗೆಯೊಳಗೆ ಬೆಳಕು ಕಾಣದ ಜಾಗದಲ್ಲಿ ಕಪ್ಪಿನ ಕೆಳಗೆ ಕೆಂಪು ಮಿನುಗಿತು, ಮೊದಲು ಕುಸುಬೆ ಕೆಂಪಿನಲ್ಲಿ ಅದ್ದಿ ಆಮೇಲೆ ಕಪ್ಪಿಗೆ ಇಳಿಸಿದ ಬಣ್ಣ, ನೂರು ವರ್ಷದ ಹಿಂದಿನವರು ಹಾಗೆ ಮಾಡುತ್ತಿದ್ದರು. ಮತ್ತೆ ಅಂಚಿನ ಉದ್ದಕ್ಕೂ ಸೂಜಿಕಣ್ಣಿನ ಸಾಲು, ಹಳೆಯ ಹೊಲಿಗೆ ಬಿಟ್ಟುಹೋದ ತೂತುಗಳು, ಒಂದಲ್ಲ, ಮೂರು, ಒಂದರ ಪಕ್ಕ ಒಂದು, ಅಕ್ಕಿಕಾಳಿನ ಅಗಲದಷ್ಟು ಸರಿದು ಸರಿದು — ಮೂರು ಸಲ ಬಿಚ್ಚಿ ಮೂರು ಅಳತೆಗೆ ಹೊಲಿದದ್ದು, ಮೂರು ಹೆಂಗಸರು, ಅಜ್ಜಿ ತೆಳ್ಳಗಿದ್ದಳು, ಅಮ್ಮ ಸ್ವಲ್ಪ ಅಗಲ, ಮೂರನೆಯ ಸಾಲು ಈ ಹಿಸನೊ-ಸಾನ್. ಮೂರು ಗೆರೆಯ ಕಿಮೊನೊ ಒಂದೇ ಸಲ ಹೊಲಿದದ್ದು, ಅದನ್ನು ಮುಟ್ಟಿದ ತಕ್ಷಣ ಗೊತ್ತಾಗಿತ್ತು. ಇದು ಓದಲು ಬಾರದವನಿಗೂ ಓದಿಸಿಕೊಳ್ಳುವ ಅಕ್ಷರ. ಕೊನೆಗೆ ಬೆನ್ನಿನ ಹೊಲಿಗೆ. ಬೆನ್ನಿನ ಗುರುತು ಎರಡು ಪಟ್ಟಿಯ ಮೇಲೆ ಅರ್ಧರ್ಧ ಬಿದ್ದಿರುತ್ತದೆ, ಹೊಲಿಗೆ ಕೂಡಿದರೆ ಪೂರ್ತಿ, ದಾರ ಎಳೆದ, ಎಲೆ ನಡುನರದ ಉದ್ದಕ್ಕೂ ಬಾಯಿ ಬಿಟ್ಟಿತು, ಒಂದು ಅರ್ಧ ಎಡಕ್ಕೆ, ಒಂದು ಅರ್ಧ ಬಲಕ್ಕೆ. ಅಲ್ಲಿ ನಿಲ್ಲಬಹುದಿತ್ತು. ಬಿಚ್ಚಿದ್ದನ್ನು ಕೂಡಿಸಬಹುದು, ಅಲ್ಲಿಯವರೆಗೆ ಏನೂ ಆಗಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ಹನ್ನೆರಡಕ್ಕೆ ಇಕುಯೊ ಆಸ್ಪತ್ರೆಯಿಂದ ಫೋನ್ ಮಾಡುತ್ತಾಳೆ, ದಿನವೂ, ಊಟದ ಗಾಡಿ ಬರುವ ಮೊದಲು, ಯಾವುದೆಂದು ಕೇಳಿದರೆ ಒಂದು ಮಾತಿನಲ್ಲಿ ಹೇಳುತ್ತಾಳೆ. ಗುರುತಿನ ಮೇಲೆ ಯಾರೂ ಕೂರಬಾರದು, ಅದಕ್ಕೇ ದಿಂಬಿಗೆ ಕತ್ತರಿಸುವಾಗ ಗುರುತುಗಳನ್ನು ಮೊದಲು ಚೌಕವಾಗಿ ಕತ್ತರಿಸಿ ತೆಗೆಯುವುದು ಪದ್ಧತಿ, ಎದೆಯ ಎರಡು, ತೋಳಿನ ಎರಡು, ಬೆನ್ನಿನ ಅರ್ಧಗಳು, ಕತ್ತರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿದ, ಅಲ್ಲಿ ಬೇರೆ ನೂರಾರು ಮನೆಗಳು ಇದ್ದವು. ಹನ್ನೆರಡಕ್ಕೆ ಫೋನ್ ಬಂತು. ಏನ್ ಮಾಡ್ತಿದ್ದೀರಿ ಅಂದಳು. ಕೆಲಸ ಅಂದ. ಇವತ್ತು ಮೀನು ಅಂತೆ, ಮೀನಿನ ಹೆಸರು ಅವರಿಗೇ ಗೊತ್ತಿಲ್ಲ ಅಂದಳು.

ಹನ್ನೊಂದೂಕಾಲಿನಿಂದ ಹನ್ನೆರಡು. ಮುಕ್ಕಾಲು ಗಂಟೆಯನ್ನು ಯಾಕೆ ಕಾಯಲಿಲ್ಲ. ಸುಸ್ತು ಎಂದು ಹೇಳಬಹುದು, ಕೈ ಕತ್ತರಿ ಹಿಡಿದಿತ್ತು, ಹಿಡಿದ ಕೈ ತನ್ನ ಪಾಡಿಗೆ ನಡೆಯಿತು — ಇಲ್ಲ, ಆ ಎರಡು ಅರ್ಧಗಳನ್ನು ನೋಡುತ್ತಾ ಅವನು ಸುಮಾರು ಹೊತ್ತು ಕೂತಿದ್ದ, ಆಗ ಅವನ ಕಣ್ಣ ಮುಂದೆ ಬಂದದ್ದು ಎಲೆಯಲ್ಲ, ಗರಿ, ಅಡ್ಡಡ್ಡ ಇಟ್ಟ ಎರಡು ಗಿಡುಗದ ಗರಿ, ಅಪ್ಪನ ಮನೆಯದು. ಇಪ್ಪತ್ತಾರಕ್ಕೆ ಮನೆ ಅಳಿಯನಾಗಿ ಈ ಮನೆಗೆ ಬಂದ, ಎರಡನೆಯ ಮಗ, ಊರಿನಲ್ಲಿ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು, ಬೇಡ ಎನ್ನಲು ಯಾರಿಗೂ ಕಾರಣ ಸಿಗಲಿಲ್ಲ, ಮದುವೆಗೆಂದು ಅಪ್ಪ ತನ್ನ ಕಪ್ಪು ಕಿಮೊನೊ ಕೊಟ್ಟು ಕಳಿಸಿದ್ದ, ಅತ್ತೆ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿನಲ್ಲಿ ಉಜ್ಜಿ ನೋಡಿದರು, ರೇಷ್ಮೆ ಚೆನ್ನಾಗಿದೆ ಕಣಪ್ಪ, ಹೊಸದು ಯಾಕೆ, ಗುರುತು ಬದಲಾಯಿಸಿದ್ರೆ ಸಾಕು ಅಂದರು. ಗುರುತು ಬರೆಯುವವನ ಹತ್ತಿರ ಹೋಯಿತು, ಗರಿಗಳಿಗೆ ಕಪ್ಪು ತುಂಬಿ, ಮೇಲೆ ಈ ಮನೆಯ ಗುರುತು ಬರೆದು ಬಂತು, ಮನೆತನದ ಹೆಸರು ಬದಲಾಯಿತು, ಹೆಸರಿನ ಜೊತೆ ಸತ್ತ ಮೇಲೆ ಸೇರುವ ಗೋರಿಯೂ ಬದಲಾಯಿತು, ಮದುವೆಯ ದಿನ ಅಪ್ಪ ಎದುರು ಸಾಲಿನಲ್ಲಿ ಕೂತು ಮಗನ ಎದೆಯನ್ನು ನೋಡಿದ, ಚೆನ್ನಾಗಿ ಬರೆದಿದ್ದಾರೆ ಅಂದ, ಬಟ್ಟಲು ಎತ್ತಿದ. ಈಗಲೂ ಅದನ್ನು ಓರೆ ಬೆಳಕಿಗೆ ಹಿಡಿದರೆ ಕಪ್ಪಿನೊಳಗೆ ಗರಿಗಳು ಕಾಣುತ್ತವೆ, ಕಪ್ಪಿನಲ್ಲೂ ಎರಡು ಕಪ್ಪು ಇರುತ್ತದೆ. ಮನೆಗೆ ಮನೆಯೇ ಬದಲಾದರೂ ಈ ಊರಿನ ಹೆಣ್ಣಿನ ಬೆನ್ನಿನಿಂದ ಎಲೆ ಕದಲುವುದಿಲ್ಲ, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ, ಸೂಜಿಕಣ್ಣಿನ ಸಾಲು ಒಂದಿಷ್ಟು ಸರಿಯುತ್ತದೆ ಅಷ್ಟೆ. ಏಳು ವರ್ಷದ ಹಿಂದೆ ಮಗಳು ಕಾಯೊಗೆ ಕಪ್ಪು ಹೊಲಿಸಲು ಮೂವರೂ ಬಣ್ಣದವನ ಅಂಗಡಿಗೆ ಹೋಗಿದ್ದರು, ಗುರುತು ಯಾವ್ದು ಹಾಕ್ಲಿ ಎಂದು ಅವನು ಕೇಳಿ ಮುಗಿಸುವ ಮೊದಲೇ ನಮ್ಮಮ್ಮಂದು ಅಂದಳು ಇಕುಯೊ, ಅಂಗಡಿಯವನು ಮರ್ಯಾದೆಗೆ ಇವನ ಕಡೆ ತಿರುಗಿದ, ಯಜಮಾನ್ರೇ, ಎಂದ. ಹಾಗೇ ಆಗ್ಲಿ, ಅಂದ ಕುನಿಹಿಕೊ. ಗೊತ್ತಿಲ್ಲದವನು ಹಾಗೇ ಆಗಲಿ ಅನ್ನುವುದಿಲ್ಲ, ಏನು ಹಾಗೆ ಎಂದು ಕೇಳುತ್ತಾನೆ. ಬಲಗೈಯಲ್ಲಿ ಕತ್ತರಿ ಇದ್ದಾಗ, ಎದುರಿಗೆ ಎಲೆ ಎರಡಾಗಿ ಬಿದ್ದಿದ್ದಾಗ, ಒಂದು ಕ್ಷಣ ಏನೋ ಹಾಯೆನಿಸಿತು, ಸಿಟ್ಟೂ ಅಲ್ಲ ಸಂತೋಷವೂ ಅಲ್ಲ, ಬಹಳ ಹೊತ್ತು ಮಂಡಿಯೂರಿ ಕೂತವನು ಕಾಲು ಚಾಚಿದ ಹಾಗೆ. ಹಿಸನೊ-ಸಾನ್ ಇವನಿಗೆ ಏನು ಮಾಡಿದ್ದರು, ಏನೂ ಇಲ್ಲ, ಈಗೀಗ ಬಂದ್ರಿ ಅಂದಿದ್ದರು.

ದಿಂಬಿನ ಬಾಯಿ ಮುಚ್ಚಿತು. ದಾರದ ಗಂಟು ಒಳಗೆ ಹೋಯಿತು. ಇಕುಯೊ ಒಳಗಿನಿಂದ ಕೂಗಿದಳು, ಊಟ ಇಟ್ಟಿದೆ, ಎದುರಾಬದುರು ಕೂತು ಉಂಡರು, ತಟ್ಟೆ ತೊಳೆಯುವಾಗ ಬೆನ್ನು ಮಾಡಿಕೊಂಡೇ ಹೇಳಿದಳು, ಹಿಸನೊ-ಸಾನ್ ಹತ್ರ ನಾನು ಮಾತಾಡ್ತೀನಿ, ನೀವು ಟೀ ತನ್ನಿ ಸಾಕು. ಏನು ಮಾತಾಡುತ್ತಾಳೆಂದು ಕೇಳಬೇಕಿತ್ತು, ನೀರು ಕುದಿಯಲು ಇಟ್ಟ. ಬಾಗಿಲು ಸರಿದದ್ದು ಎರಡಕ್ಕೆ. ಈಗ ಹೂವಿನ ವಾಸನೆ ಇಲ್ಲ, ಉದುರಿ ಎಷ್ಟೋ ದಿನವಾಯಿತು. ಮಂಡಿ ಬಗ್ಗತ್ತಾ ಇಕುಯೊ-ಸಾನ್ ಅಂದರು ಹಿಸನೊ-ಸಾನ್, ತೊಂಬತ್ತು ಡಿಗ್ರಿವರೆಗೂ ಬಗ್ಗತ್ತೆ ಅಂತಾರೆ ಡಾಕ್ಟ್ರು, ತೊಂಬತ್ತು ಸಾಕಲ್ಲ, ಕುರ್ಚಿ ಕೇಳೋದು ಅಷ್ಟೇ, ಇಬ್ಬರೂ ನಕ್ಕರು, ಅವನು ಒಳಗೆ ಬಟ್ಟಲು ಜೋಡಿಸುತ್ತಿದ್ದ, ಕಾಗದ ಬಿಚ್ಚುವ ಸದ್ದು ಕೇಳಿಸಿತು. ತಟ್ಟೆ ಹಿಡಿದು ಬಂದಾಗ ಹಿಸನೊ-ಸಾನ್‌ರ ಅಂಗೈ ದಿಂಬಿನ ಮೇಲಿತ್ತು, ಕಣ್ಣು ಬೇರೆಲ್ಲೋ, ಅಂಗೈ ಮಾತ್ರ ಒಮ್ಮೆ ಆಚೆ ಒಮ್ಮೆ ಈಚೆ ಸರಿಯಿತು. ಇದು ನಮ್ಮಮ್ಮಂದು, ಅಂದರು. ಕೂಗಲಿಲ್ಲ, ಯಾರನ್ನೋ ಗುರುತು ಹಿಡಿದ ಹಾಗೆ ಅಂದರು ಅಷ್ಟೆ. ಇಕುಯೊ ಕುರ್ಚಿಯಿಂದ ಎದ್ದಳು, ಕೋಲು ಬಿಟ್ಟಳು, ಕೆಳಗೆ ಹುಲ್ಲುಚಾಪೆಗೆ ಇಳಿಯಲು ನೋಡಿದಳು, ಕ್ಷಮೆ ಕೇಳಬೇಕಾದರೆ ಹಣೆ ಚಾಪೆ ಮುಟ್ಟಬೇಕು, ಮಂಡಿ ಅರ್ಧದಲ್ಲಿ ನಿಂತಿತು, ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು, ಬೇಡ ಬೇಡ, ಕೂತ್ಕೊಳ್ಳಿ ಅಂದರು ಹಿಸನೊ-ಸಾನ್, ಅವಳ ತೋಳು ಹಿಡಿದು. ಅವನ ಮಂಡಿ ಗಟ್ಟಿಯಿತ್ತು. ಅವನು ತಟ್ಟೆ ಹಿಡಿದು ನಿಂತಿದ್ದ. ತಪ್ಪು ನಂದು, ಅಂದಳು ಇಕುಯೊ, ಆಸ್ಪತ್ರೇಲಿದ್ದಾಗ ಇವ್ರು ಕೇಳಿದ್ರು, ಯಾವ್ದು ಬಿಚ್ಲಿ ಅಂತ, ಔಷಧಿ ಮಂಪರು, ಎಲೇದು ಅಂದ್ಬಿಟ್ಟಿದ್ದೀನಿ, ಅಂದಿದ್ದೂ ನೆನಪಿಲ್ಲ, ಇವ್ರು ನಾ ಹೇಳ್ದ ಹಾಗೆ ಮಾಡಿದ್ದಾರೆ. ಅವನು ತಟ್ಟೆ ಕೆಳಗಿಟ್ಟ. ಹಿಸನೊ-ಸಾನ್ ಇಕುಯೊಳನ್ನು ನೋಡಿದರು, ಬಹಳ ಹೊತ್ತು, ಆಮೇಲೆ ತಲೆ ತಿರುಗಿಸಿ ಇವನನ್ನು. ಕುನಿಹಿಕೊ-ಸಾನ್, ನಿಮ್ಮ ಕಡೆ ಹೆಣ್ಮಕ್ಕಳು ಗಂಡನ ಮನೇದನ್ನೇ ಹಾಕ್ಕೋತಾರಲ್ವಾ, ಪೂರ್ವದಲ್ಲಿ. ಬಾಗಿಲು ತೆರೆದಿಟ್ಟು ಪಕ್ಕಕ್ಕೆ ಸರಿದು ನಿಂತ ಹಾಗೆ ಕೇಳಿದರು. ಹೌದು, ಅಂದ. ಹಾಗಿದ್ರೆ ಸರಿ, ನಿಮ್ಗೆ ಅದು ಎಡವಟ್ಟು ಅಂತ ಅನ್ನಿಸ್ಲೂ ಇಲ್ಲ, ಪಾಪ, ಹೊರಗಿನವರಿಗೆ ಹೇಗೆ ಗೊತ್ತಾಗ್ಬೇಕು. ಮೂವತ್ತನಾಲ್ಕು ವರ್ಷ ಯಾವ ಮಾತನ್ನು ನಕ್ಕು ನುಂಗುತ್ತಿದ್ದನೋ ಅದೇ ಮಾತು, ಹೊರಗಿನವರು, ಅದರ ಕೆಳಗೆ ಅವನು ತಲೆ ತಗ್ಗಿಸಿ ನುಸುಳಿದ, ಮಳೆಗೆ ಅಂಗಡಿಯ ಜಗಲಿಗೆ ನುಸುಳುವ ಹಾಗೆ. ಹೌದು ಅಂದದ್ದು ಸುಳ್ಳಲ್ಲ, ಪೂರ್ವದಲ್ಲಿ ಹಾಗೇ.

ಇಕುಯೊ ಹೇಳಿದಳು, ಇನ್ನೊಂದರ ಗುರುತು ಬದಲಾಯಿಸಿ ಕೊಡ್ತೀವಿ, ಮೂರು ಗೆರೆ ಮುಚ್ಚಿ ಎಲೆ ಬರೆಸ್ತೀವಿ, ಒಳ್ಳೆಯವನೊಬ್ಬ ಇದ್ದಾನೆ, ಗೊತ್ತೇ ಆಗಲ್ಲ. ಗುರುತು ಬದಲಾಯಿಸ್ಬಹುದು, ಅಂದರು ಹಿಸನೊ-ಸಾನ್, ಅಮ್ಮ ಅಜ್ಜಿ ಉಟ್ಟಿದ್ದು ಗುರುತಲ್ಲ, ಬಟ್ಟೆ. ಟೀ ಕುಡಿದರು. ಆರಿತ್ತು, ಆದರೂ ಪೂರ್ತಿ ಕುಡಿದು ಬಟ್ಟಲನ್ನು ಸದ್ದಿಲ್ಲದೆ ಇಟ್ಟರು. ಶಿಹೊ ಬಾಡಿಗೇದು ಉಡ್ತಾಳೆ ಬಿಡಿ, ಈಗ ಎಲ್ಲರೂ ಬಾಡಿಗೇನೇ, ಅಂಗಡೀಲಿ ಇಟ್ಟಿರೋದೆಲ್ಲಾ ಒಂದೇ ಗುರುತು, ಊರಿಗೆಲ್ಲಾ ಒಬ್ಬಳೇ ಅಮ್ಮ ಅನ್ನೋ ಹಾಗೆ. ನಗಬೇಕಾದವರು ನಗಲಿಲ್ಲ. ಎಲೆ ಎಲ್ಲಿ, ಅಂದರು ಆಮೇಲೆ. ಅವನು ಡಬ್ಬಿ ತಂದ, ಚಾಪೆಯ ಮೇಲೆ ಸುರಿದ, ನೂರಾರು ಕಪ್ಪು ಚೌಕಗಳಲ್ಲಿ ನೂರಾರು ಬಿಳಿಯ ಮನೆ, ಹೂವು, ನೀರು, ಬೀಸಣಿಗೆ, ಹಕ್ಕಿ, ಮೂವರ ತಲೆಯೂ ಬಗ್ಗಿತು, ಹುಡುಕಿದರು, ಅವನ ಬೆರಳಿಗೇ ಮೊದಲು ಸಿಕ್ಕವು, ಒಂದು, ಎರಡು, ಮೂರು, ನಾಲ್ಕು ಪೂರ್ತಿ ಎಲೆ, ಹಿಸನೊ-ಸಾನ್ ಅವನ್ನು ಕರವಸ್ತ್ರದಲ್ಲಿ ಮಡಚಿಕೊಂಡರು, ಆಮೇಲೆ ಬೆನ್ನಿನವು, ಎರಡು ಅರ್ಧ, ಅವನ್ನು ತಟ್ಟೆಯ ಅಂಚಿನಲ್ಲಿ ಪಕ್ಕಪಕ್ಕ ಇಟ್ಟು ಉಗುರಿನಿಂದ ಹತ್ತಿರ ಸರಿಸಿದರು, ನಡುವೆ ಒಂದು ಗೆರೆ ಉಳಿಯಿತು, ಮತ್ತೆ ಸರಿಸಿದರು, ಉಳಿಯಿತು. ಇದು ಹೊಲಿದ್ರೆ ಮಾತ್ರ ಎಲೆ, ಇಲ್ಲದಿದ್ರೆ ಎರಡು ಹಕ್ಕಿ ಕೊಕ್ಕು ನೋಡಿ, ಅಂದರು, ಅಲ್ಲೇ ಬಿಟ್ಟರು. ಬುದ್ಧನ ಮುಂದಿನ ಪಟ್ಟಿಯನ್ನು ಸುತ್ತಿ ಗಂಟಿಗೆ ಸೇರಿಸಿದರು. ದಿಂಬುಗಳನ್ನು ಎತ್ತಿಕೊಳ್ಳುವಾಗ ಮಾತ್ರ ಒಮ್ಮೆ ನಿಂತರು, ಅಮ್ಮನ ಮೇಲೆ ಹೇಗೆ ಕೂರೋದು ಅಂತ ಯೋಚಿಸ್ತಿದ್ದೀನಿ, ಕೂತು ಕೂತು ಅಭ್ಯಾಸ ಆಗತ್ತೆ, ಚಿಕ್ಕವಳಿದ್ದಾಗ ತೊಡೆ ಮೇಲೆ ಕೂರ್ತಿರಲಿಲ್ವಾ. ಮೂರು ಗೆರೆಯ ಕಾಗದದ ಕಟ್ಟನ್ನು ಇವನ ಕಡೆ ತಳ್ಳಿದರು. ಇದನ್ನೂ ಬಿಚ್ಚಿಬಿಡಿ ಕುನಿಹಿಕೊ-ಸಾನ್, ನಮ್ಮ ಯಜಮಾನರು ಒಬ್ಬರೇ ಕಪಾಟಲ್ಲಿ ಕೂತು ಏನ್ ಮಾಡ್ತಾರೆ, ಏನಾದ್ರೂ ಮಾಡಿ, ನಿಮಗೆ ತೋಚಿದ್ದು. ಹೊಸ್ತಿಲಲ್ಲಿ ತಿರುಗಿ ಇಕುಯೊಗೆ, ಮಂಪರಿನ ಔಷಧಿ ಇನ್ನೂ ತಗೋತಿದ್ದೀರಾ ಅಂದರು, ಇಲ್ಲ, ನಿಲ್ಲಿಸಿದ್ರು, ಒಳ್ಳೇದು, ಅದರಿಂದ ಹೊಟ್ಟೆ ಕೆಡತ್ತೆ. ಬಾಗಿಲು ಸರಿಯಿತು.

ಇಕುಯೊ ಕಾಲನ್ನು ಕಾಲುಮಣೆಯ ಮೇಲೆ ಚಾಚಿ ಕೂತಳು, ಎರಡೂ ಕೈಯಿಂದ ಮಂಡಿ ಹಿಡಿದು, ಅದು ಬೇರೆ ಯಾರದೋ ಎಂಬ ಹಾಗೆ. ಅವನು ಚಾಪೆಯ ಮೇಲಿನ ಮನೆಗಳನ್ನು ಡಬ್ಬಿಗೆ ತುಂಬಿದ, ಅಂಗೈಯಿಂದ ಗುಡಿಸಿ ಗುಡಿಸಿ, ಎರಡು ಅರ್ಧಗಳು ತಟ್ಟೆಯ ಮೇಲೆಯೇ ಉಳಿದವು. ಟೀ ಆರಿತ್ತು, ಅಂದಳು. ಹೌದು. ಮಂಪರು ಅಂದಿದ್ದು ನಂಬಿದ್ರು ಅಂತೀರಾ. ನಂಬಿದ್ರು ಅನ್ಸತ್ತೆ. ಅನ್ಸತ್ತೆ, ಅಂದಳು ಅವಳು, ಆ ಪದವನ್ನು ಎತ್ತಿ ನೋಡಿ ಮತ್ತೆ ಇಟ್ಟ ಹಾಗೆ. ಬೀದಿಯಲ್ಲಿ ಗೆಣಸು ಮಾರುವ ಗಾಡಿ ರಾಗ ಹಾಡುತ್ತಾ ಹೋಯಿತು, ತಿರುವಿನಲ್ಲಿ ರಾಗ ತುಂಡಾಯಿತು. ಕಾಯೊ ಕಪ್ಪಿಗೆ ಗುರುತು ಹಾಕ್ಸಿದ ದಿನ ನೀವೂ ಬಂದಿದ್ರಲ್ವಾ, ಅಂಗಡಿಗೆ, ಅಂದಳು. ಕೇಳಿದಳು ಎನ್ನುವಂತಿರಲಿಲ್ಲ. ಬಂದಿದ್ದೆ. ಅವಳು ಎದ್ದು ಹೋಗಲಿಲ್ಲ, ಕಿಟಕಿಯ ಸರಳುಗಳ ಕಡೆ ಮುಖ ಮಾಡಿ ಕೂತಳು, ಬಿಸಿಲ ಪಟ್ಟೆಗಳು ಗೋಡೆ ಹತ್ತುತ್ತಿದ್ದವು, ಅವಳು ಕಾಯುತ್ತಿದ್ದಾಳೆ ಎಂದು ಅವನಿಗೆ ಅವಳ ಬೆನ್ನಿನಿಂದ ಗೊತ್ತಾಯಿತು, ಕಾಯುವ ಬೆನ್ನು ಬೇರೆ, ಸುಮ್ಮನೆ ಕೂತ ಬೆನ್ನು ಬೇರೆ, ಇಲ್ಲಿಗೆ ಬಂದ ಮೊದಲ ವರ್ಷವೇ ಅದನ್ನು ಕಲಿತಿದ್ದ. ಈಗ ಹೇಳಬಹುದು. ಈಗಲ್ಲದಿದ್ದರೆ ಎಂದಿಗೂ ಇಲ್ಲ ಎಂಬಂಥದ್ದೇನೂ ಇರಲಿಲ್ಲ, ಆದರೆ ಈಗ ಸುಲಭವಿತ್ತು, ಒಂದೇ ಮಾತು, ಅವಳು ಅರ್ಧ ದಾರಿ ಬಂದು ಕೂತಿದ್ದಳು. ಕಾಗದದ ಕಟ್ಟು ಬಿಚ್ಚಿದ, ಮೂರು ಗೆರೆಯದನ್ನು ತೊಡೆಯ ಮೇಲೆ ಹರಡಿಕೊಂಡ, ತೋಳಿನ ತುದಿಯ ದಾರ ಹುಡುಕಿದ, ಎಳೆದ, ಒಂದೇ ಸಾಲು ಸೂಜಿಕಣ್ಣು, ಹೊಲಿಗೆಯೊಳಗೂ ಕಪ್ಪೇ, ಎಡತೋಳು ಬಂತು, ಬಲತೋಳು ಬಂತು, ಕತ್ತಿನ ಪಟ್ಟಿ ಬಂತು, ಬಿಸಿಲ ಪಟ್ಟೆಗಳು ಚಾವಣಿ ಮುಟ್ಟಿ ಇಲ್ಲವಾದವು, ಅವಳು ಇನ್ನೂ ಕೂತಿದ್ದಳು, ಬೆನ್ನಿನ ಹೊಲಿಗೆಗೆ ಬಂದ, ದಾರದ ತುದಿ ಬೆರಳಿಗೆ ಸಿಕ್ಕಿತು, ಎಳೆಯಲಿಲ್ಲ, ಕಣ್ಣು ತಟ್ಟೆಗೆ ಹೋಯಿತು, ಒಂದು ಅರ್ಧ ಎಡಕ್ಕೆ, ಒಂದು ಅರ್ಧ ಬಲಕ್ಕೆ, ನಡುವೆ ಆ ಗೆರೆ, ಒಂದು ಅರ್ಧ ಎಡಕ್ಕೆ, ಒಂದು ಅರ್ಧ ಬಲಕ್ಕೆ. ಇಕುಯೊ ಕೋಲು ಹುಡುಕಿಕೊಂಡು ಎದ್ದಳು, ದೀಪ ಹಾಕ್ಲಾ ಅಂದಳು. ಬೇಡ ಅಂದ. ಕತ್ತರಿ ಎತ್ತುವಾಗ ತನಗೆ ಗೊತ್ತಿತ್ತು ಎಂದು ಅವನು ಹೇಳಲಿಲ್ಲ, ಆವತ್ತೂ ಇಲ್ಲ, ಆಮೇಲೂ ಇಲ್ಲ.